ಹೊನ್ನಕ್ಕ ತೋಡಿದ ಹೊಂಡ

ಆ ಹೊಂಡವನ್ನು ನಾನು ಒಂಬತ್ತು ಸಲ ಮುಚ್ಚಿದ್ದೇನೆ. ಎಂಟು ಸಲ ಮಣ್ಣು ಹಾಕಿ, ಒಂದು ಸಲ ಡಾಂಬರು ಹಾಕಿ. ಎಂಟು ಸಲ ಮುಚ್ಚಿದ್ದು ಹೊಟ್ಟೆಪಾಡಿಗೆ. ಒಂಬತ್ತನೆಯ ಸಲ ಮುಚ್ಚಿದ್ದು ಹೆದರಿಕೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಕಥೆ ಹೇಳಿದರೆ ನನಗೂ ಅದನ್ನು ಮುಚ್ಚಿಸಿದವರಿಗೂ ವ್ಯತ್ಯಾಸ ಇರುವುದಿಲ್ಲ.

ನನ್ನ ಹೆಸರು ಸೋಮಿ. ಏಳನೆಯ ಇಯತ್ತೆ ಪಾಸಾಗಿದ್ದೇನೆ. ನಮ್ಮ ಗ್ಯಾಂಗಿನ ಹನ್ನೊಂದು ಹೆಂಗಸರಲ್ಲಿ ಓದಿ ಸಹಿ ಹಾಕಲು ಬರುವವಳು ನಾನೊಬ್ಬಳೇ. ನಾಲ್ಕಕ್ಷರ ಕಲಿತರೆ ಯಾರೂ ನಿಮ್ಮನ್ನು ತುಳಿಯುವುದಿಲ್ಲ ಎಂದು ಮಾಸ್ತರರು ಹೇಳುತ್ತಿದ್ದರು. ಆ ನಾಲ್ಕಕ್ಷರ ಯಾರ ಕೆಲಸಕ್ಕೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕೇರಿ ಅಂಕೋಲೆಯ ಹೊರಗೆ ಇದೆ, ಉಪ್ಪಿನ ಆಗರದ ಬದಿಗೆ. ನಮ್ಮ ಹಿರಿಯರೆಲ್ಲ ಆಗರದಲ್ಲಿ ಉಪ್ಪು ಎಳೆದವರು. ಆ ಕೆಲಸ ಕಡಿಮೆಯಾದ ಮೇಲೆ ಗುತ್ತಿಗೆದಾರನ ಟೆಂಪೋ ಕೇರಿಗೆ ಬರತೊಡಗಿತು. ಬೆಳಿಗ್ಗೆ ನಮ್ಮನ್ನು ತುಂಬಿಕೊಂಡು ಹೋಗಿ ಹುಬ್ಬಳ್ಳಿ ರಸ್ತೆಯಲ್ಲಿ, ಅಗಸೂರಿನ ಆಚೆ ಈಚೆ ಇಳಿಸುತ್ತಿತ್ತು. ರಸ್ತೆಯ ಹೊಂಡ ಮುಚ್ಚುವುದೇ ಕೆಲಸ.

ಅದು ಎರಡು ಸಾವಿರದ ಎಂಟನೆಯ ಇಸವಿ. ಬಳ್ಳಾರಿ ಕಡೆಯಿಂದ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಬಂದರಿಗೆ ಇಳಿಯುತ್ತಿದ್ದ ಕಾಲ. ರಸ್ತೆ ಕೆಂಪು, ಮರ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಉಗುಳಿದ ಎಂಜಲೂ ಕೆಂಪು. ಆ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ಮಣ್ಣು ಹೋಯಿತು, ಹೊಂಡ ನಮಗೆ ಉಳಿಯಿತು. ಮಳೆಗಾಲ ಹಿಡಿದ ಮೇಲಂತೂ ರಸ್ತೆ ಯಾವುದು ಹೊಂಡ ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಲ್ಲ ಕಡೆ ಒಂದೇ ಕೆಂಪು ನೀರು.

ನಾವು ಗುಡ್ಡದ ಬದಿ ಅಗೆದು ಬುಟ್ಟಿಗೆ ತುಂಬಿ, ತಲೆಯ ಮೇಲೆ ಸಿಂಬೆ ಇಟ್ಟು, ಹೊತ್ತು ತಂದು ಹೊಂಡಕ್ಕೆ ಸುರಿಯುತ್ತಿದ್ದೆವು. ದಮ್ಮಸು ಎತ್ತಿ ಎತ್ತಿ ಬಡಿಯುತ್ತಿದ್ದೆವು. ರಟ್ಟೆ ಸೋಲುತ್ತಿತ್ತು. ಸಂಜೆಯೊಳಗೆ ನಾಲ್ಕು ಲಾರಿ ಹಾದರೆ ಮಣ್ಣು ಮೇಲೆದ್ದು ಬರುತ್ತಿತ್ತು. ಜಲ್ಲಿ ಎಲ್ಲಿ, ಡಾಂಬರು ಎಲ್ಲಿ ಎಂದು ಕೇಳಿದರೆ ಸೂಪರ್‌ವೈಸರ್ ಶಾಂತಾರಾಮ ನಗುತ್ತಿದ್ದ. ಕಾರವಾರದವನು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಬೈಗುಳ.

"ಡಾಂಬರು ಕಾಗದದ ಮೇಲೆ ಬಿದ್ದದೆ ಬಾಯಿ. ನಿಮ್ಗೆ ಎಂತಕೆ ಅದೆಲ್ಲ? ಬುಟ್ಟಿ ಹೊರಿ."

ಹತ್ತು ಗಂಟೆಗೆ ಚಹಾ. ಅಗಸೂರಿನ ಹತ್ತಿರದ ಒಂದು ಅಂಗಡಿಯಲ್ಲಿ ಲಾರಿಯವರಿಗೆಲ್ಲ ಗಾಜಿನ ಲೋಟ, ನಮಗೆ ಮಾತ್ರ ಪ್ಲಾಸ್ಟಿಕ್ ಕಪ್ಪು. ಅದೂ ಹಿಂದಿನ ಗೋಡೆಯ ಹತ್ತಿರ, ಒಲೆಯ ಬೂದಿ ಚೆಲ್ಲುವ ಜಾಗದಲ್ಲಿ. ಈಗ ಅದೆಲ್ಲ ಎಲ್ಲಿದೆ ಎಂದು ಕೇಳುವವರಿಗೆ ನಾನು ಈ ಗೋಡೆಯನ್ನು ತೋರಿಸಬಲ್ಲೆ.

ನಮ್ಮ ಗ್ಯಾಂಗಿಗೆ ಹಿರಿಯಳು ಹೊನ್ನಕ್ಕ. ಐವತ್ತು ದಾಟಿದ್ದಳು. ಗಂಡ ಸತ್ತು ವರ್ಷಗಳಾಗಿದ್ದವು. ಒಬ್ಬಳೇ ಮಗಳು ತುಳಸಿ, ಹಿಲ್ಲೂರಿಗೆ ಮದುವೆಯಾಗಿ ಹೋಗಿದ್ದಳು. ಅಳಿಯ ಜಟ್ಟು ಗಾರೆ ಕೆಲಸದವನು, ಸೆಕೆಂಡ್ ಹ್ಯಾಂಡ್ ಬೈಕು ಇಟ್ಟುಕೊಂಡಿದ್ದ.

ಮಣ್ಣು ನಿಲ್ಲುವುದಿಲ್ಲ ಎಂದು ನಮಗೆ ಗೊತ್ತಿತ್ತಲ್ಲ, ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಮೊಣಕಾಲು ಮುಳುಗುವ ಹೊಂಡವಿದ್ದರೆ ಒಂದು ಮತ್ತಿ ಮರದ ಟೊಂಗೆ ಕಡಿದು, ಎಲೆ ಸಮೇತ, ಹೊಂಡದ ನಡುವೆ ಊರಿ, ಬುಡಕ್ಕೆ ಕಲ್ಲು ಜಡಿಯುವುದು. ದೂರದಿಂದ ಬರುವವರಿಗೆ ಕಾಣುತ್ತದೆ, ಬದಿಗೆ ಹೋಗುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಕಾಗದದಲ್ಲೂ ಬರೆದದ್ದಲ್ಲ. ಎಲೆ ಬಾಡಿದರೆ ಹೊಸ ಟೊಂಗೆ. ಹೊಂಡ ಗಟ್ಟಿಯಾಗಿ ಮುಚ್ಚಿದರೆ ಮಾತ್ರ ಟೊಂಗೆ ತೆಗೆಯುವುದು. ಹೊನ್ನಕ್ಕ ಇನ್ನೂ ಒಂದು ಕೆಲಸ ಮಾಡುತ್ತಿದ್ದಳು. ತನ್ನ ಹಳೆಯ ಹಸಿರು ಸೀರೆಯ ಅಂಚು ಹರಿದು ಟೊಂಗೆಗೆ ಕಟ್ಟುತ್ತಿದ್ದಳು.

ತುಳಸಿ ತಿಂಗಳಿಗೊಮ್ಮೆ ತಾಯಿಯನ್ನು ನೋಡಲು ಬರುತ್ತಿದ್ದಳು. ಬಂದವಳು ನಗುತ್ತ ಹೇಳುತ್ತಿದ್ದಳು. "ಅವ್ವಾ, ದಾರಿ ಉದ್ದಕ್ಕೂ ನಿನ್ ಸೀರೆನೇ ಕಾಣ್ತದೆ. ನಾನು ಹಿಂದೆ ಕೂತ್ಕಂಡು ಹೇಳ್ತೆ ಇವ್ರಿಗೆ, ಅಲ್ಲಿ ಅವ್ವನ ಸೀರೆ ಅದೆ, ಬದಿಗೆ ತಕಳಿ ಹೇಳಿ. ಇವ್ರು ರಸ್ತೆ ನೋಡುದೇ ಇಲ್ಲ. ಸೀರೆ ನೋಡೇ ಗಾಡಿ ಹೊಡಿತ್ರು."

ಹೊನ್ನಕ್ಕ ಆ ಮಾತನ್ನು ನಮಗೆಲ್ಲ ಹತ್ತು ಸಲ ಹೇಳಿದ್ದಳು. ಅವಳಿಗೆ ಹೆಮ್ಮೆ.

ಜುಲೈ ತಿಂಗಳ ಒಂದು ಶುಕ್ರವಾರ. ಶಾಂತಾರಾಮ ಬೆಳಿಗ್ಗೆಯೇ ಬೈಕು ಹತ್ತಿ ಬಂದ. ಮುಖ ಬೆವರಿತ್ತು.

"ಕಾರವಾರದಿಂದ ದೊಡ್ಡ ಸಾಹೇಬರು ಬರ್ತ್ರು. ರಸ್ತೆ ನೋಡುಕೆ. ಎಲ್ಲಾ ಹೊಂಡಕ್ಕೂ ಮಣ್ಣು ಹೊಯ್ದು ಸಪಾಟು ಮಾಡಿ. ಆ ಟೊಂಗೆ ಗಿಂಗೆ ಒಂದೂ ಕಾಣೂಕಾಗ."

"ಟೊಂಗೆ ಎಂತಕೆ ಒಡೆಯಾ?" ಹೊನ್ನಕ್ಕ ಕೇಳಿದಳು. "ಮಣ್ಣು ಮಳಿಗೆ ನಿಲ್ಲುದಿಲ್ಲ. ಟೊಂಗೆ ಇದ್ರೆ ಜೀವ ಉಳಿತದೆ."

"ಟೊಂಗೆ ಇದ್ರೆ ಅಲ್ಲಿ ಹೊಂಡ ಅದೆ ಹೇಳಿ ಸಾಹೇಬರಿಗೆ ಗೊತ್ತಾಗುದಿಲ್ವಾ? ನೀ ಅವ್ರಿಗೆ ದಾರಿ ತೋರ್ಸ್ತೀಯಾ?"

"ನಾ ತೆಗಿಯುದಿಲ್ಲ."

"ತೆಗಿಬೇಡ. ಚೀಲ ತಕಂಡು ಮನಿಗೆ ನಡಿ. ನಾಳಿಂದ ನಿಮ್ ಕೇರಿಗೆ ಟೆಂಪೋನೇ ಬರುದಿಲ್ಲ. ಹನ್ನೊಂದು ಮನಿಯವ್ರೂ ಕೂತ್ಕಂಡು ಉಪ್ಪು ನೆಕ್ಕಿ."

ಹೊನ್ನಕ್ಕ ನಮ್ಮ ಮುಖ ನೋಡಿದಳು. ನಾವು ಹತ್ತು ಮಂದಿ ನೆಲ ನೋಡಿದೆವು. ಅವಳು ಒಬ್ಬಳೇ ಇದ್ದಿದ್ದರೆ ತೆಗೆಯುತ್ತಿರಲಿಲ್ಲ. ನಮ್ಮ ಹತ್ತು ಮನೆಯ ಒಲೆಗಾಗಿ ತೆಗೆದಳು. ಇದನ್ನೂ ಬರೆದಿಡುತ್ತೇನೆ.

ಒಂದು ಮೈಲಿಕಲ್ಲಿನ ಹತ್ತಿರ ದೊಡ್ಡ ಹೊಂಡ ಇತ್ತು, ನಾನು ಮೊದಲು ಹೇಳಿದ್ದು ಅದನ್ನೇ. ಹೊನ್ನಕ್ಕ ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಟೊಂಗೆ ನಡುವೆ ಮುರಿಯಿತು. ಬುಡ ಕಲ್ಲುಗಳ ನಡುವೆ ಕಚ್ಚಿಕೊಂಡು ಒಳಗೇ ಉಳಿಯಿತು. ಅದರ ಮೇಲೆಯೇ ಮಣ್ಣು ಸುರಿದೆವು. ಸೀರೆಯ ತುಂಡನ್ನು ಬಿಚ್ಚಿ ಹೊನ್ನಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಧ್ಯಾಹ್ನ ಮಳೆ ಹೊಡೆಯಿತು. ಸಾಹೇಬರು ಬರಲಿಲ್ಲ. ಅಂಕೋಲೆಯಲ್ಲಿ ಊಟ ಮಾಡಿ, ಮಳೆ ಜೋರಿದೆ ಎಂದು ಕಾರವಾರಕ್ಕೆ ತಿರುಗಿದರಂತೆ.

ಐದು ಗಂಟೆಗೆ ಟೆಂಪೋ ಹತ್ತುವಾಗ ಹೊನ್ನಕ್ಕ ಹೇಳಿದಳು. "ಸ್ವಲ್ಪ ನಿಲ್ಸಿ ಒಡೆಯಾ. ಟೊಂಗೆ ಊರಿ ಬರ್ತೆ. ಹತ್ತು ಮಿನಿಟು."

"ನಾಳೆ ಮಾಡು. ಗಾಡಿ ಹತ್ತು," ಎಂದ ಶಾಂತಾರಾಮ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಟೆಂಪೋ ಆ ಮೈಲಿಕಲ್ಲಿನ ಹತ್ತಿರ ಬಂದಾಗ ಜನ ಗುಂಪುಗೂಡಿದ್ದರು. ಬೈಕು ಅಡ್ಡ ಬಿದ್ದಿತ್ತು. ಕೆಂಪು ನೀರಿನ ಮೇಲೆ ಬಿಳಿ ಬಿಳಿ ಚೂರುಗಳು ತೇಲುತ್ತಿದ್ದವು. ಕಳಲೆ. ಬಿದಿರಿನ ಮೊಳಕೆಯನ್ನು ಹೆಚ್ಚಿ, ನೀರಲ್ಲಿ ಹಾಕಿಟ್ಟು, ಬಾಳೆಲೆಯಲ್ಲಿ ಕಟ್ಟಿ ತಾಯಿಗೆಂದು ತಂದದ್ದು. ಹೊನ್ನಕ್ಕ ಮೊದಲು ನೋಡಿದ್ದು ಆ ಕಳಲೆಯನ್ನು. ಅಷ್ಟು ಸಣ್ಣಗೆ ಹೆಚ್ಚುವವಳು ಯಾರೆಂದು ಅವಳಿಗೆ ಗೊತ್ತಿತ್ತು. ಟೆಂಪೋ ನಿಲ್ಲುವ ಮೊದಲೇ ಹಾರಿದಳು.

ತುಳಸಿ ರಸ್ತೆಯ ಮೇಲೆ ಇದ್ದಳು. ಹಿಂದಿನಿಂದ ಬಂದ ಅದಿರು ಲಾರಿಯ ಗಾಲಿ ಸೊಂಟದ ಮೇಲೆ ಹೋಗಿತ್ತು. ನಾನು ಹೆಚ್ಚು ಬರೆಯುವುದಿಲ್ಲ. ಲಾರಿ ನಿಲ್ಲಲಿಲ್ಲ. ನಂಬರನ್ನು ಯಾರಿಗೂ ಓದಲಾಗಲಿಲ್ಲ. ನಂಬರಿನ ಫಲಕದ ಮೇಲೂ ಅದೇ ಕೆಂಪು ಕೆಸರು.

ಜಟ್ಟು ಬದಿಯಲ್ಲಿ ಕುಳಿತಿದ್ದ. ಎಡಗೈ ಮುರಿದು ಜೋತು ಬಿದ್ದಿತ್ತು. ಅತ್ತೆಯನ್ನು ನೋಡಿ ಎದ್ದು ನಿಂತ.

"ಟೊಂಗೆ ಇರ್ಲಿಲ್ಲ ಅತ್ತೆ," ಎಂದ. "ಅವ್ಳು ಹಿಂದೆ ಕೂತು ನೋಡ್ತನೇ ಇದ್ಳು. ಇಲ್ಲಿ ಅವ್ವನ ಸೀರೆ ಇಲ್ಲ, ಹೊಂಡ ಮುಚ್ಚಿದ್ರು ಕಾಣ್ತದೆ, ಸೀದಾ ಹೋಗಿ ಅಂದ್ಳು. ನಾ ಸೀದಾ ಹೋದೆ."

ಹೊನ್ನಕ್ಕ ಅಳಲಿಲ್ಲ. ಸೊಂಟಕ್ಕೆ ಕೈ ಹಾಕಿದಳು. ನಿನ್ನೆಯ ಸೀರೆ ತುಂಡು ಅಲ್ಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಗಳ ತಲೆಯ ಹತ್ತಿರ ಕುಳಿತಳು. ಮಳೆ ಬರುತ್ತಲೇ ಇತ್ತು. ಪೊಲೀಸರು ಬಂದು ಹೆಣ ಎತ್ತಲು ಎರಡು ತಾಸು ಹಿಡಿಯಿತು. ಎರಡು ತಾಸೂ ತುಳಸಿ ಮಳೆಯಲ್ಲಿ ನೆನೆದಳು. ಮುಚ್ಚಲು ಒಂದು ತಾಡಪತ್ರಿ ಕೊಡಿ ಎಂದು ನಾನು ಶಾಂತಾರಾಮನನ್ನು ಕೇಳಿದೆ. ಗೋದಾಮಿನಲ್ಲಿ ಇಲ್ಲ ಎಂದ.

ಠಾಣೆಯ ಹವಾಲ್ದಾರ ಬಂದು ಅರ್ಧ ನಿಮಿಷ ನೋಡಿದ. "ಗಾಡಿ ಓಡಿಸಿದವ ಯಾರು? ನೀನಾ? ಜೀಪು ಹತ್ತು," ಎಂದು ಜಟ್ಟುವನ್ನು ಕರೆದ. ಹೆಂಡತಿಯನ್ನು ಕೊಂದ ಆರೋಪ ಗಂಡನ ಮೇಲೆ. ಅತಿವೇಗ ಮತ್ತು ನಿಷ್ಕಾಳಜಿ. ಹೊಂಡ ಎಂದು ಯಾರೋ ಅಂದಾಗ ಹವಾಲ್ದಾರ, "ಮಳೆ ನಿಲ್ಲಲಿ, ಸ್ಥಳ ಪಂಚನಾಮೆ ಆಮೇಲೆ ಮಾಡುವ," ಎಂದ. ಜೀಪು ಹೋಯಿತು. ಹೆಣದ ಜೊತೆ ಹೊನ್ನಕ್ಕ ಆಸ್ಪತ್ರೆಗೆ ಹೋದಳು.

ಅವರು ಹೋಗಿ ಒಂದು ತಾಸಾಗಿರಲಿಲ್ಲ, ಡಾಂಬರು ಬಂತು.

ನಿಜವಾದ ಡಾಂಬರು. ಕಪ್ಪು ಪೀಪಾಯಿ, ಅದರ ಕೆಳಗೆ ಬೆಂಕಿ, ಟ್ರಾಕ್ಟರಿನ ತುಂಬ ಜಲ್ಲಿ. ಮೂರು ವರ್ಷ ಕೇಳಿದರೂ ಬಾರದ್ದು ಒಂದು ಹೆಣ ಎದ್ದ ಕೂಡಲೇ ಬಂತು. ರಸ್ತೆ ಇಲಾಖೆಯ ಇಂಜಿನಿಯರರೂ ಕೊಡೆ ಹಿಡಿದು ಬಂದರು. ಕೊಡೆಯ ಕೆಳಗಿನಿಂದಲೇ ಬೇಗ ಬೇಗ ಎಂದರು. ಮಳೆಯಲ್ಲಿ ಡಾಂಬರು ಹಿಡಿಯುವುದಿಲ್ಲವಲ್ಲ. ಆಗ ತಾಡಪತ್ರಿಯೂ ಬಂತು. ನಾಲ್ಕು ಮಂದಿ ನಾಲ್ಕು ಮೂಲೆ ಎತ್ತಿ ಹಿಡಿದೆವು. ಅದರ ಒಂದು ಮೂಲೆ ಹಿಡಿದವಳು ನಾನು. ತುಳಸಿಗೆ ಸಿಗದ ಮರೆಯನ್ನು ಹೊಂಡಕ್ಕೆ ಹಿಡಿದು ಎರಡು ತಾಸು ನಿಂತೆ. ಕಳಲೆಯ ಚೂರುಗಳ ಮೇಲೆ ಜಲ್ಲಿ ಬಿತ್ತು, ಜಲ್ಲಿಯ ಮೇಲೆ ಡಾಂಬರು ಬಿತ್ತು. ನನಗೆ ನಾಚಿಕೆಯಾಯಿತು. ಆದರೂ ಮೂಲೆ ಬಿಡಲಿಲ್ಲ.

ಸೋಮವಾರ ಮಳೆ ನಿಂತಿತು. ಹವಾಲ್ದಾರ ಕಾಗದ ಹಿಡಿದು ಬಂದ. ಇಂಜಿನಿಯರರು, ಶಾಂತಾರಾಮ ಎಲ್ಲ ಇದ್ದರು. ಅಂಗಡಿಯಿಂದ ಅವರಿಗೆ ಗಾಜಿನ ಲೋಟದಲ್ಲಿ ಚಹಾ ಬಂತು.

"ಪಂಚರು ಬೇಕು. ಇಲ್ಲೇ ಕೆಲಸ ಮಾಡೂರು ಆದ್ರೆ ಒಳ್ಳೇದು. ಸಹಿ ಬರುದು ಯಾರಿಗೆ?"

ಶಾಂತಾರಾಮ ನನ್ನನ್ನು ತೋರಿಸಿದ. "ಇವ್ಳು ಕಲ್ತವ್ಳು. ಸೋಮಿ, ಬಾ ಇಲ್ಲಿ."

ಕಾಗದ ಓದಿದೆ. "ಸದರಿ ಸ್ಥಳದಲ್ಲಿ ರಸ್ತೆಯು ಡಾಂಬರೀಕರಣಗೊಂಡು ಸಮತಟ್ಟಾಗಿದ್ದು, ಯಾವುದೇ ಹೊಂಡ ಇರುವುದಿಲ್ಲ." ಮೈಲಿಕಲ್ಲಿನಿಂದ ಇಷ್ಟು ಮೀಟರು ಎಂದು ಜಾಗವನ್ನೂ ಬರೆದಿದ್ದರು. ಪೆನ್ನು ಕೊಟ್ಟರು. ಶಾಂತಾರಾಮ ಟೆಂಪೋದ ಕಡೆ ಒಮ್ಮೆ ನೋಡಿದ, ಅಷ್ಟೇ. ನಾನು ಸಹಿ ಹಾಕಿದೆ. ಏಳನೆಯ ಇಯತ್ತೆಯ ಚಂದದ ಅಕ್ಷರದಲ್ಲಿ.

ಅಷ್ಟರಲ್ಲಿ ಹೊನ್ನಕ್ಕ ಬಂದಳು. ಹೇಳಿಕೆ ಕೊಡಲು ಬರಬೇಕು ಎಂದು ಅವಳಿಗೂ ಕರೆ ಹೋಗಿತ್ತು. ಮಗಳನ್ನು ಸುಟ್ಟ ಮರುದಿನ. ಅಂಕೋಲೆಯಿಂದ ಬಸ್ಸಿನಲ್ಲಿ ಬಂದು ಇಳಿದು ಸೀದಾ ರಸ್ತೆಯ ಮೇಲೆ ನಿಂತಳು. ನೆಲ ನೋಡಿದಳು. ಕಪ್ಪಗೆ, ನುಣ್ಣಗೆ ಇತ್ತು. ಕಾಲಿನಿಂದ ಒತ್ತಿ ನೋಡಿದಳು.

"ನೀನೂ ಹೆಬ್ಬೆಟ್ಟು ಒತ್ತಮ್ಮ," ಹವಾಲ್ದಾರ ಶಾಯಿಯ ಡಬ್ಬಿ ತೆರೆದ. "ತಾಯಿಯ ತಕರಾರು ಇಲ್ಲ ಹೇಳಾದ್ರೆ ಕೇಸು ಬೇಗ ಮುಗಿತದೆ."

"ಎಂತಾ ಬರ್ದದೆ ಸೋಮಿ? ಓದು," ಎಂದಳು ಹೊನ್ನಕ್ಕ.

ಓದಿದೆ. ಹೊಂಡ ಇರುವುದಿಲ್ಲ ಎಂಬಲ್ಲಿಗೆ ಬಂದು ನಿಂತೆ.

"ಹೊಂಡ ಇಲ್ಲ ಹೇಳಿ ಬರ್ದದ್ಯಾ?"

"ಹೌದು ಹೊನ್ನಕ್ಕ."

"ಕೆಳಗೆ ಎಂತಾ ಅದು?"

"ನನ್ ಸಹಿ."

ಅವಳು ನನ್ನನ್ನು ಬೈದಿದ್ದರೆ ನನಗೆ ಇಷ್ಟು ವರ್ಷ ಇದು ಚುಚ್ಚುತ್ತಿರಲಿಲ್ಲ. ಬೈಯಲಿಲ್ಲ. ಹವಾಲ್ದಾರನ ಕಡೆ ತಿರುಗಿದಳು.

"ಹೊಂಡ ಇಲ್ದಿದ್ರೆ ನನ್ ಅಳಿಯ ಎಲ್ಲಿ ಬಿದ್ದ?"

"ಅವ ಜೋರಾಗಿ ಓಡ್ಸಿದಾನೆ. ಬಿದ್ದಾನೆ."

"ಅಂವ ಕೊಂದ್ನಾ ನನ್ ಮಗಳನ್ನ?"

"ಕಾನೂನು ಹಾಗೇ ಹೇಳ್ತದೆ ಬಾಯಿ. ನಾವೆಂತಾ ಮಾಡುದು?"

"ನಾ ಒತ್ತುದಿಲ್ಲ."

"ಒತ್ತದೆ ಇದ್ರೂ ನಡಿತದೆ," ಎಂದರು ಇಂಜಿನಿಯರರು, ಚಹಾ ಕುಡಿಯುತ್ತ.

ಹೊನ್ನಕ್ಕ ಟೆಂಪೋದ ಹತ್ತಿರ ಹೋದಳು. ಮನೆಗೆ ಹೋಗುತ್ತಾಳೆ ಎಂದುಕೊಂಡೆವು. ಅವಳು ಪಿಕಾಸಿ ತೆಗೆದುಕೊಂಡು ಬಂದಳು. ಸೆರಗು ಬಿಗಿದಳು. ಕಾಲು ಅಗಲಿಸಿ ನಿಂತು ಎತ್ತಿ ಹೊಡೆದಳು.

ಮೊದಲ ಏಟಿಗೆ ಡಾಂಬರಿನ ಚೂರು ಹಾರಿ ಶಾಂತಾರಾಮನ ಬೂಟಿಗೆ ಬಿತ್ತು. "ಏ! ಏ ಹೊನ್ನಿ! ಹುಚ್ಚು ಹಿಡಿತಾ?" ಎಂದು ಅವನು ಮುಂದೆ ಬಂದ. ಅವಳು ಪಿಕಾಸಿಯನ್ನು ತಲೆಯ ಮೇಲೆ ಎತ್ತಿದವಳು ಹಾಗೇ ನಿಂತು ಅವನನ್ನು ನೋಡಿದಳು. ಅವನು ಎರಡು ಹೆಜ್ಜೆ ಹಿಂದೆ ಹೋದ. ಪಿಕಾಸಿ ರಸ್ತೆಗೇ ಬಿತ್ತು. ಲಾರಿಗಳು ಸಾಲಾಗಿ ನಿಂತವು. ಹಾರ್ನ್ ಹೊಡೆದವು. ಅವಳು ಹೊಡೆಯುತ್ತಲೇ ಇದ್ದಳು. ಮೂರು ದಿನದಿಂದ ಹೊಟ್ಟೆಗೆ ಏನೂ ಹಾಕದ ಮೈ. ಉಸಿರು ಸಿಳ್ಳೆ ಹಾಕುತ್ತಿತ್ತು. ಅಂಗೈ ಒಡೆದು ಹಿಡಿಕೆ ಜಾರತೊಡಗಿತು. ಒಂದು ಸಲ ಮಂಡಿಯೂರಿ ಬಿದ್ದಳು.

ಆಗ ನಾನು ಹೋದೆ. ಅವಳ ಕೈಯಿಂದ ಪಿಕಾಸಿ ತೆಗೆದುಕೊಂಡೆ. "ನೀ ಕೂತ್ಕ ಹೊನ್ನಕ್ಕ. ನಾ ಮುಚ್ಚಿದ್ದು ಇದು. ನಾ ತೆಗಿತೆ," ಎಂದೆ. ನಾನು ಅಗೆದೆ, ಅವಳು ಕೈಯಿಂದ ಜಲ್ಲಿ ಬಾಚಿದಳು. ಡಾಂಬರಿನ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ನಮ್ಮದೇ ಕೆಂಪು ಮಣ್ಣು ಸಿಕ್ಕಿತು. ಉಳಿದ ಒಂಬತ್ತು ಹೆಂಗಸರು ಬಂದು ಸುತ್ತ ನಿಂತರು, ಪೊಲೀಸರಿಗೆ ಬೆನ್ನು ಕೊಟ್ಟು. ಯಾರೂ ಅವರನ್ನು ಕರೆದಿರಲಿಲ್ಲ.

ಮೊಣಕಾಲು ಆಳಕ್ಕೆ ಹೋದಾಗ ಅದು ಸಿಕ್ಕಿತು. ಮತ್ತಿ ಟೊಂಗೆಯ ಬುಡ. ಒಂದು ಗೇಣು ಉದ್ದ, ಮುರಿದ ತುದಿ, ಕಲ್ಲುಗಳ ನಡುವೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಹೊನ್ನಕ್ಕ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು. ಮಣ್ಣು ಸಮೇತ ತಂದು ಹವಾಲ್ದಾರನ ಕಾಗದದ ಮೇಲೆ ಇಟ್ಟಳು.

"ಇದ್ನೂ ಬರ್ಕಳಿ. ನಾ ಊರಿದ್ದು. ನಾನೇ ಕಿತ್ತದ್ದು. ಕೀಳು ಅಂದವ ಅಲ್ಲಿ ನಿಂತಾನೆ."

ಹವಾಲ್ದಾರ ಕಾಗದ ಕೊಡವಿದ. ಕೆಸರಿನ ಕಲೆ ಹೋಗಲಿಲ್ಲ. ಇಂಜಿನಿಯರರ ಮುಖ ಕೆಂಪಾಗಿತ್ತು. "ಸರಕಾರಿ ರಸ್ತೆ ಹಾಳು ಮಾಡಿದಾಳೆ. ಕಣ್ಣೆದುರಿಗೆ! ಮೊದಲು ಇವಳನ್ನು ಒಳಗೆ ಹಾಕಿ," ಎಂದು ಕೂಗಿದರು. "ನನ್ನನ್ನೂ ಹಾಕಿ," ಎಂದೆ. "ಮತ್ತೆ ಆ ಸಹಿ ಸುಳ್ಳು. ಅದನ್ನೂ ಬರ್ಕಳಿ." ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಜೀಪು ಹತ್ತುವ ಮೊದಲು ಹೊನ್ನಕ್ಕ, "ತಡಿರಿ," ಎಂದಳು. ಬದಿಯ ಗುಡ್ಡಕ್ಕೆ ಹತ್ತಿ ಒಂದು ಮತ್ತಿ ಟೊಂಗೆ ಮುರಿದು ತಂದಳು. ತೆರೆದ ಹೊಂಡದ ನಡುವೆ ಊರಿ, ಬುಡಕ್ಕೆ ಕಲ್ಲು ಜಡಿದಳು. ಮೂರು ದಿನದಿಂದ ಮುಷ್ಟಿಯಲ್ಲಿ, ಸೊಂಟದಲ್ಲಿ ಇಟ್ಟುಕೊಂಡಿದ್ದ ಆ ಹಸಿರು ತುಂಡನ್ನು ತೆಗೆದು ಅದಕ್ಕೆ ಕಟ್ಟಿದಳು. ಗಂಟು ಗಟ್ಟಿಯಿದೆಯೇ ಎಂದು ಎಳೆದು ನೋಡಿದಳು. ಹವಾಲ್ದಾರನೂ ಕಾದು ನಿಂತಿದ್ದ.

ಠಾಣೆಯಲ್ಲಿ ಸಂಜೆಯವರೆಗೆ ಕೂಡಿಸಿದರು. ಅಲ್ಲಿಯೇ ಮೂಲೆಯಲ್ಲಿ ಜಟ್ಟು ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ. ನಮ್ಮಿಬ್ಬರ ಮೇಲೆ ಕೇಸು ಬರೆದರು. ಬರೆದದ್ದನ್ನು ನಮಗೆ ಓದಿ ಹೇಳಬೇಕಂತೆ, ನಿಯಮ. ಠಾಣೆಯ ಕಾಗದ ಬರೆಯುವ ರೈಟರ್ ಓದಿದ.

"ಸದರಿ ಮೈಲಿಕಲ್ಲಿನ ಹತ್ತಿರ ರಸ್ತೆಯ ಮಧ್ಯದಲ್ಲಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳದ ಹೊಂಡವಿದ್ದು, ಸದರಿ ಹೊಂಡದಿಂದ ವಾಹನ ಸವಾರರ ಜೀವಕ್ಕೆ ಅಪಾಯವಿರುತ್ತದೆ..."

"ನಿಲ್ಸಿ," ಎಂದಳು ಹೊನ್ನಕ್ಕ. "ಇನ್ನೊಂದ್ ಸಲ ಓದಿ."

ರೈಟರ್ ಅವಳನ್ನು ವಿಚಿತ್ರವಾಗಿ ನೋಡಿ ಮತ್ತೊಮ್ಮೆ ಓದಿದ. ಮುಂದೆ ಇನ್ನೂ ಇತ್ತು, ಆರೋಪಿ ಹೊನ್ನಿ, ಉದ್ದೇಶಪೂರ್ವಕವಾಗಿ, ಸಾರ್ವಜನಿಕ ಆಸ್ತಿ, ಎಲ್ಲ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ.

"ಹೊಂಡ ಅದೆ ಹೇಳಿ ಬರ್ದದ್ಯಾ?" ನನ್ನನ್ನು ಕೇಳಿದಳು.

ಇಣುಕಿ ನೋಡಿದೆ. "ಬರ್ದದೆ ಹೊನ್ನಕ್ಕ."

"ಜೀವಕ್ಕೆ ಅಪಾಯ ಹೇಳಿ?"

"ಅದೂ ಬರ್ದದೆ."

ಅವಳು ಶಾಯಿಯ ಡಬ್ಬಿಯನ್ನು ತಾನೇ ಹತ್ತಿರ ಎಳೆದುಕೊಂಡಳು. ಒಡೆದ ಅಂಗೈಯನ್ನು ಸೆರಗಿಗೆ ಒರೆಸಿ, ಆ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದಳು.